ಇಪ್ಪತ್ತೈದನೇ ಮಹಡಿಯ ಮೇಡಂ

ಪೆನ್ನು, ಚೀಲ, ನೀರಿನ ಬಾಟಲಿ ಎಲ್ಲ ಹೊರಗಿನ ಲಾಕರಿನಲ್ಲಿ. ಒಳಗೆ ಬರಬೇಕಾದ್ದು ಪೆನ್ಸಿಲ್, ಹಾಳೆ, ತೊಳೆದು ಒರೆಸಿಕೊಂಡ ಕೈ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನಲ್ಲಿ, ಗ್ರಂಥಾಲಯದ 25ನೇ ಮಹಡಿಯ ಪತ್ರಾಗಾರಕ್ಕೆ ನಮ್ಮನ್ನು ಕರೆದೊಯ್ಯುತ್ತಿದ್ದ ಮೇಡಂ ಪ್ರತಿ ಸಲವೂ ಇದನ್ನೇ ಹೇಳುತ್ತಿದ್ದರು. ಅವರು ತೀರಿಕೊಂಡ ಸುದ್ದಿ ಬಂದ ವಾರವೇ ನಮ್ಮ ಕಾಲೇಜಿನ ಸಂಚಿಕೆಗೆ ಬರೆದುಕೊಡಿ ಎಂಬ ಪತ್ರವೂ ಬಂತು. ಈ ಕಾಲೇಜಿನಿಂದ ಅಲ್ಲಿಗೆ ಹೋಗಿ ಓದಿದವನು ನಾನೊಬ್ಬನೇ. ಹಾಗಾಗಿ ಅವರ ವಿಷಯ ನನ್ನನ್ನು ಬಿಟ್ಟರೆ ಇಲ್ಲಿ ಯಾರೂ ಬರೆಯುವವರಿಲ್ಲ.

ಆ ಗ್ರಂಥಾಲಯಕ್ಕೆ 1994ರಿಂದ, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರ ಹೆಸರಿದೆ. 1868ರಲ್ಲಿ ಅದೇ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವರು. ಹಾರ್ವರ್ಡಿನಲ್ಲಿ ಪಿಎಚ್.ಡಿ. ಪಡೆದ ಮೊದಲ ಕಪ್ಪು ಅಮೆರಿಕನ್. 1910ರಲ್ಲಿ 'ದಿ ಕ್ರೈಸಿಸ್' ಪತ್ರಿಕೆ ಶುರುಮಾಡಿದವರು. ಕೊನೆಗಾಲದಲ್ಲಿ ಘಾನಾಕ್ಕೆ ಹೋಗಿ 1963ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಅವರ ಲಕ್ಷದಷ್ಟು ಕಾಗದಪತ್ರಗಳು 1973ರಲ್ಲಿ ಈ ವಿಶ್ವವಿದ್ಯಾಲಯಕ್ಕೆ ಬಂದವು.

ಮೇಡಂ ದಕ್ಷಿಣದ ಅಲಬಾಮಾ ಕಡೆಯ ಕಪ್ಪು ಮಹಿಳೆ. ಮಾತು ಕಡಿಮೆ. ಯಾವ ಕಾಗದ ಕೈಗೆ ಬಂದರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದರು. "ಬರೆದವರು ಯಾರು ಅಂತ ಆಮೇಲೆ ಕೇಳಿ. ಇದನ್ನು ಇಷ್ಟು ವರ್ಷ ಕಾಪಾಡಿದವರು ಯಾರು, ಅದನ್ನು ಮೊದಲು ಕೇಳಿ" ಎನ್ನುವರು.

ಒಂದು ದಿನ ನನ್ನ ಮುಂದೆ ಒಂದು ಫೋಲ್ಡರ್ ತಂದಿಟ್ಟರು. ಟೈಪ್ ಮಾಡಿದ ಪತ್ರ, ಕೆಳಗೆ ಸಹಿ: ಬಿ.ಆರ್. ಅಂಬೇಡ್ಕರ್. ಕೋಲಾರದ ಕಡೆಯ ಕೇರಿಯಲ್ಲಿ, ಬಾಬಾಸಾಹೇಬರ ಫೋಟೋಕ್ಕೆ ದಿನಾ ಕೈಮುಗಿದು ಶಾಲೆಗೆ ಹೋದ ಹುಡುಗ ನಾನು. ಆ ಸಹಿ ಕಂಡು ಮೈ ಜುಮ್ಮೆಂದಿತು. 1946ರ ಪತ್ರ ಅದು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಮನವಿ ಕೊಟ್ಟಿದ್ದಾರೆಂದು ಓದಿದೆ, ನಾವೂ ಹಾಗೇ ಮಾಡಬೇಕೆಂದಿದ್ದೇವೆ, ಎರಡು ಮೂರು ಪ್ರತಿ ಕಳಿಸಿಕೊಡಿ ಎಂದು ಬಾಬಾಸಾಹೇಬರು ಕೇಳಿದ್ದರು. ಅಸ್ಪೃಶ್ಯರ ಸ್ಥಿತಿಗೂ ನೀಗ್ರೋಗಳ ಸ್ಥಿತಿಗೂ ಎಷ್ಟು ಹೋಲಿಕೆ ಇದೆಯೆಂದರೆ ಅವರ ಬಗ್ಗೆ ಅಭ್ಯಾಸ ಮಾಡುವುದು ಸಹಜವಷ್ಟೇ ಅಲ್ಲ, ಅಗತ್ಯ ಎಂದೂ ಬರೆದಿದ್ದರು. ಜುಲೈ 31ರಂದು ಡು ಬಾಯ್ಸ್ ಉತ್ತರಿಸಿದ್ದರು: ನ್ಯಾಷನಲ್ ನೀಗ್ರೋ ಕಾಂಗ್ರೆಸ್ ಎಂಬ ಕಪ್ಪು ಜನರ ಸಂಘಟನೆಯ ಮನವಿ ಇದರೊಂದಿಗಿದೆ, ನಿಮ್ಮ ಹೆಸರು, ಕೆಲಸ ಬಲ್ಲೆ, ಭಾರತದ ಅಸ್ಪೃಶ್ಯರ ಬಗ್ಗೆ ನನಗೆ ಪೂರ್ಣ ಸಹಾನುಭೂತಿಯಿದೆ.

"ಬಂದ ಪತ್ರ ಇಲ್ಲಿರುವುದು ಸರಿ. ಬೊಂಬಾಯಿಗೆ ಹೋದ ಉತ್ತರ ಇಲ್ಲಿ ಹೇಗಿದೆ?" ಎಂದರು ಮೇಡಂ. ಯಾರೂ ಬಾಯಿಬಿಡಲಿಲ್ಲ. ಕಾರ್ಬನ್ ಪ್ರತಿ ಎಂದೆ ನಾನು. ಡು ಬಾಯ್ಸ್ ತಾವು ಕಳಿಸಿದ ಪತ್ರಗಳಿಗೂ ಪ್ರತಿ ಇಟ್ಟುಕೊಳ್ಳುತ್ತಿದ್ದರು. ತಮ್ಮ ಜನರ ಚರಿತ್ರೆಯನ್ನು ಬೇರೆ ಯಾರೂ ಎತ್ತಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು ಎಂದು ಮೇಡಂ ವಿವರಿಸಿದರು. ಆಮೇಲೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ಅಂಬೇಡ್ಕರ್ ಯಾರೆಂದು ತರಗತಿಗೆ ನೀನೇ ಹೇಳು ಎಂದರು. ಹೇಳಿದೆ. ಗಂಟೆ ಮುಗಿದರೂ ಒಬ್ಬರೂ ಎದ್ದು ಹೋಗಲಿಲ್ಲ.

ನಮ್ಮ ತುಂಟತನವೂ ಇತ್ತು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ 25ನೇ ಮಹಡಿಗೆ ಯಾರು ಮೊದಲು ಎಂದು ಪಂದ್ಯ ಕಟ್ಟಿ, ನಾವು ನಾಲ್ವರು ಏದುಸಿರು ಬಿಡುತ್ತಾ, ನಗುತ್ತಾ ಓದುವ ಕೋಣೆಗೆ ನುಗ್ಗಿದೆವು. ಬೆವರ ಹನಿ ಕಾಗದದ ಮೇಲೆ ಬಿದ್ದರೆ ಗತಿಯೇನು! ಮೇಡಂ ಕೂಗಾಡಲಿಲ್ಲ. ಸಾಮಾನ್ಯ ಓದುಗರು ಡು ಬಾಯ್ಸ್‌ಗೆ ಬರೆದ ಪತ್ರಗಳ ಒಂದು ಪೆಟ್ಟಿಗೆ ಕೊಟ್ಟು, ಇಡೀ ಪೆಟ್ಟಿಗೆ ಓದಿ ಒಂದೊಂದಕ್ಕೂ ಸಾರಾಂಶ ಬರೆಯಲು ಹೇಳಿದರು. ನಾನು ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಆ ಶಿಕ್ಷೆಯಿಂದಲೇ ಹುಟ್ಟಿತು. ವಿಭಾಗದಲ್ಲಿ ಅದನ್ನು ಬಹಳ ಮೆಚ್ಚಿಕೊಂಡರು.

ಜನಾಂಗದ್ವೇಷವೆಂದರೆ ದಕ್ಷಿಣದ ಹತ್ತಿಹೊಲಗಳ ಹಳೇ ಕಥೆ ಎಂದುಕೊಂಡಿದ್ದ ಬಿಳಿ ಹುಡುಗರು ತರಗತಿಯಲ್ಲಿದ್ದರು. ಅವರ ಮುಂದೆ ಮೇಡಂ 1986ರ ಅಕ್ಟೋಬರಿನ ಪತ್ರಿಕೆಗಳನ್ನು ಹರಡಿದರು. ಬೇಸ್‌ಬಾಲ್ ಫೈನಲ್ಲಿನಲ್ಲಿ ಬಾಸ್ಟನ್ ತಂಡ ಸೋತ ರಾತ್ರಿ, ಇದೇ ಕ್ಯಾಂಪಸ್ಸಿನ ಸೌತ್‌ವೆಸ್ಟ್ ಹಾಸ್ಟೆಲುಗಳ ಬಳಿ ಬಿಳಿ ವಿದ್ಯಾರ್ಥಿಗಳ ಗುಂಪು ಕಪ್ಪು ವಿದ್ಯಾರ್ಥಿಗಳನ್ನು ಅಟ್ಟಾಡಿಸಿ ಹೊಡೆದಿತ್ತು. "ನಾನಿರೋದು ಅಲ್ಲೇ" ಎಂದ ಒಬ್ಬ. 1970ರಲ್ಲಿ ಕಪ್ಪು ವಿದ್ಯಾರ್ಥಿಗಳು ಮಿಲ್ಸ್ ಹೌಸ್ ಕಟ್ಟಡವನ್ನು ವಶಕ್ಕೆ ತೆಗೆದುಕೊಂಡು ನ್ಯೂ ಆಫ್ರಿಕಾ ಹೌಸ್ ಎಂದು ಹೆಸರಿಟ್ಟದ್ದನ್ನು ಅಂದೇ ಪಾಠ ಮಾಡಿದರು. ಆ ಹುಡುಗ ಮುಂದಿನ ವಾರದಿಂದ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ.

ಈಗ ಡು ಬಾಯ್ಸ್ ಪತ್ರಗಳೆಲ್ಲ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ, ಒಳ್ಳೆಯದೇ. ಆದರೆ ಇಂದಿನ ಮಕ್ಕಳು ಬೇಕಾದ ಹೆಸರು ಹುಡುಕಿ, ಸಾಲು ಕತ್ತರಿಸಿ ಅಂಟಿಸಿ ಎದ್ದುಬಿಡುತ್ತಾರೆ. ಪಕ್ಕದ ಪತ್ರ ಯಾರದ್ದು ಎಂದು ನೋಡುವ ವ್ಯವಧಾನವನ್ನು ಯಾವ ಗೈಡೂ ಕಲಿಸುವುದಿಲ್ಲ. ನಮ್ಮ ಅಧ್ಯಾಪಕರಿಗೂ ಸಿಲಬಸ್ ಮುಗಿಸುವ ಒತ್ತಡ, ಅವರನ್ನು ದೂರಿ ಫಲವಿಲ್ಲ.

ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ನಮ್ಮ ಕಾಲೇಜಿನ ಮಾಳಿಗೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹಳೇ ದಾಖಲಾತಿ ಪುಸ್ತಕಗಳು, ಹಾಸ್ಟೆಲ್ ಸೀಟಿಗೆ ನಮ್ಮಪ್ಪನಂಥವರು ಬರೆದುಕೊಂಡ ಅರ್ಜಿಗಳು ಗೆದ್ದಲು ಹಿಡಿಯುತ್ತಿವೆ. ರದ್ದಿಗೆ ಹಾಕಬೇಡಿ. ಬೇಸಿಗೆ ರಜೆಗೆ ಊರಿಗೆ ಬರುತ್ತೇನೆ. ಆಸಕ್ತಿ ಇರುವ ಹತ್ತು ಮಕ್ಕಳನ್ನು ಕೊಡಿ, ಬೀಗದ ಕೈ ಕೊಡಿ, ಪೆನ್ಸಿಲ್ ನಾನು ತರುತ್ತೇನೆ.