ಒಲೋಟ್‌ಗೆ ಹೋಗುವವರಿಗೆ: ಜುವಾಕಿಮ್ ವೈರೇಡಾ ಬಿಡಿಸಿದ ಊರು

ಬಾರ್ಸಿಲೋನಾಕ್ಕೆ ಹೋದವರು ಸಾಮಾನ್ಯವಾಗಿ ಗೌಡಿ ಚರ್ಚು, ಸಮುದ್ರ ತೀರ ನೋಡಿ ವಾಪಸ್ ಬರುತ್ತಾರೆ. ಚಿತ್ರಕಲೆ ಇಷ್ಟ ಇದ್ದರೆ ಎರಡು ದಿನ ಉಳಿಸಿಕೊಂಡು ಒಲೋಟ್‌ಗೆ ಹೋಗಿ. ಸ್ಪೇನಿನ ಈ ಕ್ಯಾಟಲೋನಿಯಾ ಪ್ರದೇಶದ ನಿಸರ್ಗ ಚಿತ್ರಗಳಿಗೆ ತವರು ಅಂತ ಒಂದು ಊರಿದ್ದರೆ ಅದು ಇದೇ. ಅದನ್ನು ಹಾಗೆ ಮಾಡಿದವರು ಚಿತ್ರಕಾರ ಜುವಾಕಿಮ್ ವೈರೇಡಾ.

ಒಲೋಟ್‌ಗೆ ರೈಲಿಲ್ಲ. ಬಾರ್ಸಿಲೋನಾದ ಸಾಂಟ್ಸ್ ನಿಲ್ದಾಣದಿಂದ ಜಿರೋನಾಕ್ಕೆ ವೇಗದ ರೈಲಿನಲ್ಲಿ ಸುಮಾರು 40 ನಿಮಿಷ. ಜಿರೋನಾ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಬಸ್ ಸ್ಟ್ಯಾಂಡ್. ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ಅಂದುಕೊಳ್ಳಿ. ಬಾರ್ಸಿಲೋನಾದಿಂದ ನೇರ ಬಸ್ಸೂ ಇದೆ. ಭಾನುವಾರ ಬಸ್ಸು ಕಡಿಮೆ, ವಾಪಸ್ ಬರುವ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಬೆಳಗ್ಗೆ ಹೋಗಿ ಸಂಜೆ ಬರುವ ಪ್ಲಾನ್ ಮಾತ್ರ ಬೇಡ. ಒಂದು ರಾತ್ರಿಯಾದರೂ ಉಳಿಯಿರಿ. ಕಾರಣ ಮುಂದೆ ಹೇಳ್ತೀನಿ.

ಜುವಾಕಿಮ್ ವೈರೇಡಾ ಹುಟ್ಟಿದ್ದು 1843ರಲ್ಲಿ, ಜಿರೋನಾದಲ್ಲಿ. ಬೆಳೆದದ್ದು ಒಲೋಟ್‌ನಲ್ಲಿ. ಬಾರ್ಸಿಲೋನಾದಲ್ಲಿ ಚಿತ್ರಕಾರ ರಾಮೊನ್ ಮಾರ್ತಿ ಅಲ್ಸಿನಾ ಅವರ ಹತ್ತಿರ ಕಲಿತರು. ಫ್ರಾನ್ಸ್‌ಗೆ ಹೋದಾಗ ಬಾರ್ಬಿಜಾನ್ ಗುಂಪಿನ ಚಿತ್ರಕಾರರು ಅವರ ಮನಸ್ಸು ಹಿಡಿದರು. ಪುರಾಣದ ಕಥೆ ಬೇಡ, ರಾಜರ ಯುದ್ಧ ಬೇಡ, ಕಣ್ಣೆದುರಿನ ಗದ್ದೆ, ಮರ, ಹಳ್ಳವೇ ಸಾಕು ಅಂತ ನಂಬಿದ ಗುಂಪು ಅದು. ವೈರೇಡಾ ದೊಡ್ಡ ನಗರದಲ್ಲಿ ನೆಲೆಸಲಿಲ್ಲ. ತಮ್ಮ ಊರಿನ ಗದ್ದೆಯನ್ನೇ ಬಿಡಿಸಿದರು. 1869ರಲ್ಲಿ ಗೆಳೆಯ ಜೋಸೆಪ್ ಬೆರ್ಗಾ ಜೊತೆ ಸೇರಿ ಊರಲ್ಲಿ ಕಲಾ ಕೇಂದ್ರ ಶುರುಮಾಡಿದರು. ಅವರ ಸುತ್ತ ಬೆಳೆದ ಬಳಗಕ್ಕೇ ಒಲೋಟ್ ಪಂಥ ಅಂತ ಹೆಸರು ಬಂತು.

ಇನ್ನು ಉಳಿಯುವ ವಿಷಯ. 'ಒಲೋಟ್‌ನಲ್ಲಿ ಮಳೆ ಇಲ್ಲ ಅಂದ್ರೆ ಎಲ್ಲೂ ಮಳೆ ಇಲ್ಲ' ಅಂತ ಅಲ್ಲಿ ಒಂದು ಗಾದೆ ಇದೆ. ನಮ್ಮ ಆಗುಂಬೆ ಥರ ಅಂದುಕೊಳ್ಳಿ. ಮೋಡ ಕಂಡು ಬೇಜಾರಾಗಬೇಡಿ. ವೈರೇಡಾ ಬಿಡಿಸಿದ್ದು ಆ ಮೋಡದ ಬೆಳಕನ್ನೇ. ಬೆಳಗ್ಗೆ ಬೇಗ ಎದ್ದು ಊರಾಚೆ ಹುಲ್ಲುಗಾವಲಿನ ಕಡೆ ನಡೆಯಿರಿ. ನೆಲದಿಂದ ಮಂಜು ಏಳುತ್ತಿರುತ್ತದೆ. ದೂರದ ಮರಗಳ ಅಂಚು ಕರಗಿ ಆಕಾಶದ ಬೂದು ಬಣ್ಣಕ್ಕೆ ಸೇರಿರುತ್ತದೆ. ಹತ್ತಿರದ ಹುಲ್ಲಿನಲ್ಲಿ ನೀರು ನಿಂತ ಕಡೆ ಹಸಿರು ಗಾಢ, ದಿಬ್ಬದ ಮೇಲೆ ಹಳದಿಗೆ ತಿರುಗಿದ ಹಸಿರು. ಇದನ್ನು ಕಣ್ಣಲ್ಲಿ ತುಂಬಿಕೊಂಡ ಮೇಲೆ ಮ್ಯೂಸಿಯಂಗೆ ಹೋಗಿ. ಮೊದಲೇ ಮ್ಯೂಸಿಯಂಗೆ ಹೋದರೆ ಅವರ ಚಿತ್ರಗಳು ಸುಮ್ನೆ ಮಂಕಾಗಿವೆ ಅನ್ನಿಸಬಹುದು. ನಡೆದು ಬಂದವರಿಗೆ ಹಾಗೆ ಅನ್ನಿಸೋದಿಲ್ಲ.

ಆ ಮ್ಯೂಸಿಯಂ ಹೆಸರು ಗರೋಚಾ ಮ್ಯೂಸಿಯಂ, ಇರೋದು ಬಡವರಿಗಾಗಿ ಇದ್ದ ಹಳೆಯ ಆಶ್ರಯಧಾಮದ ಕಟ್ಟಡದಲ್ಲಿ. ವೈರೇಡಾ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮನುಷ್ಯರು ಇದ್ದರೂ ಚಿಕ್ಕದಾಗಿ ಇರುತ್ತಾರೆ, ಆಕಾಶವೇ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ. ಅಲ್ಲೇ ರಾಮೊನ್ ಕಾಸಸ್ ಅವರ ದೊಡ್ಡ ಚಿತ್ರವೂ ಇದೆ. ಕುದುರೆ ಏರಿದ ಪೊಲೀಸರು ಜನರ ಮೇಲೆ ನುಗ್ಗುವ ದೃಶ್ಯ. ತಪ್ಪಿಸಬೇಡಿ.

ಸಂತರ ಮ್ಯೂಸಿಯಂ ಅಂತ ಇನ್ನೊಂದಿದೆ. ನನಗೆ ಇದು ಅಷ್ಟೇ ಮುಖ್ಯ ಅನ್ನಿಸಿತು. ಚಿತ್ರ ಬಿಡಿಸಿ ಎಲ್ಲರ ಹೊಟ್ಟೆ ತುಂಬೋದಿಲ್ಲ, ಅಲ್ವಾ? 1880ರಲ್ಲಿ ವೈರೇಡಾ, ಅವರ ತಮ್ಮ ಮರಿಯಾನ್ ಮತ್ತು ಜೊತೆಗಾರರು ಚರ್ಚುಗಳಿಗೆ ಸಂತರ ಮೂರ್ತಿ ಮಾಡುವ ಕಾರ್ಖಾನೆ ತೆರೆದರು. ಊರಲ್ಲಿ 1783ರಿಂದಲೇ ಚಿತ್ರಕಲಾ ಶಾಲೆ ಇತ್ತು. ಅಲ್ಲಿ ಕೈ ಪಳಗಿದ ಹುಡುಗರಿಗೆ ಕೆಲಸ ಸಿಕ್ಕಿತು, ಮೂರ್ತಿಗಳು ದೇಶ ವಿದೇಶಕ್ಕೆ ಹೋದವು. ಅಚ್ಚು, ಗಾಜಿನ ಕಣ್ಣು, ಮುಖಕ್ಕೆ ಬಣ್ಣ, ಎಲ್ಲ ಹಂತಗಳನ್ನೂ ಹತ್ತಿರದಿಂದ ನೋಡಬಹುದು. ವೈರೇಡಾ 1894ರಲ್ಲಿ ಒಲೋಟ್‌ನಲ್ಲೇ ತೀರಿಕೊಂಡರು. ಅವರು ಕೊಟ್ಟ ಕಸುಬು ಊರಲ್ಲಿ ಉಳಿಯಿತು.

ಎರಡನೇ ದಿನ ಜ್ವಾಲಾಮುಖಿಗಳಿಗೆ ಇಡಿ. ಸುತ್ತ 40ರಷ್ಟು ಇವೆ, ಎಲ್ಲವೂ ತಣ್ಣಗಿವೆ. ಮೊಂಟ್‌ಸಾಕೋಪಾ ಊರೊಳಗೇ ಇದೆ, ಆರಾಮಾಗಿ ಹತ್ತಬಹುದು. ಲಾವಾ ಮೇಲೆ ಬೆಳೆದ, ಬೀಚ್ ಎಂಬ ಮರಗಳ ಫಜೇಡಾ ಕಾಡು, ಸಾಂತಾ ಮಾರ್ಗರೀಡಾ ಜ್ವಾಲಾಮುಖಿಯ ಬಾಯೊಳಗಿನ ಚಿಕ್ಕ ಚರ್ಚು, ಕ್ರೊಸ್ಕಾಟ್ ಜ್ವಾಲಾಮುಖಿ, ಇವನ್ನು ಸೇರಿಸಿ ಸುತ್ತುವ ದಾರಿ ಸುಮಾರು 10 ಕಿ.ಮೀ. ನಾಲ್ಕು ಗಂಟೆ ಬೇಕು. ಕಾಡಿನೊಳಗೆ ಕಲ್ಲು ಜಾಸ್ತಿ, ಮಳೆ ಬಂದರೆ ಜಾರುತ್ತದೆ. ಒಳ್ಳೆ ಶೂ, ರೇನ್‌ಕೋಟ್ ಇಟ್ಟುಕೊಳ್ಳಿ.

ಸಸ್ಯಾಹಾರಿಗಳೇ, ಎಚ್ಚರ. ಒಲೋಟ್ ಆಲೂಗಡ್ಡೆ ಅಂದರೆ ಒಳಗೆ ಮಾಂಸ ತುಂಬಿರುತ್ತದೆ. ಸಾಂತಾ ಪಾವ್ ಊರಿನ ಬಿಳಿ ಹುರುಳಿಕಾಯಿ ಬೀಜ ತುಂಬಾ ರುಚಿ, ಆದರೆ ಸಾಮಾನ್ಯವಾಗಿ ಹಂದಿ ಸಾಸೇಜ್ ಜೊತೆ ಬರುತ್ತದೆ. ಬೀಜ ಮಾತ್ರ ಕೊಡಿ ಅಂತ ಕೇಳಿ, ಸಾರಿಗೆ ಮಾಂಸ ಹಾಕಿದ್ದಾರಾ ಅಂತಲೂ ವಿಚಾರಿಸಿ. ಏನೂ ಹೊಂದದಿದ್ದರೆ ಟೊಮೇಟೊ ಉಜ್ಜಿದ ಬ್ರೆಡ್ ಎಲ್ಲಾ ಕಡೆ ಸಿಗುತ್ತದೆ.

ಸೋಮವಾರ ಹೋಗಬೇಡಿ, ಅಲ್ಲಿನ ಮ್ಯೂಸಿಯಂಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಶನಿವಾರ ಬಾರ್ಸಿಲೋನಾಕ್ಕೆ ಮರಳುವ ಹಾಗೆ ಇಟ್ಟುಕೊಂಡರೆ ಇನ್ನೂ ಅನುಕೂಲ. ಮೊಂಟ್‌ಜುಯಿಕ್ ಗುಡ್ಡದ ಮೇಲಿನ ಕ್ಯಾಟಲನ್ ರಾಷ್ಟ್ರೀಯ ಕಲಾ ಮ್ಯೂಸಿಯಂ ಶನಿವಾರ ಮಧ್ಯಾಹ್ನ 3ರ ಮೇಲೆ ಉಚಿತ, ವೈರೇಡಾ ಅವರ ಚಿತ್ರಗಳು ಅಲ್ಲೂ ಇವೆ.