400ರ ಭೂತ ಬಿಟ್ಟಿತು, ಆದರೆ ಹೊಗೆ ಸಿಕ್ಕಲಿಲ್ಲ

ಕೊನೆಗೂ ನಮ್ಮ ಸೆನ್ಸರುಗಳ ಬೇಸ್‌ಲೈನ್ (ಅಳತೆಯ ತಳದ ಗೆರೆ) ಸರಿಹೋಯಿತು. ಮಂಗಳೂರಿನ ತೈಲ ರಿಫೈನರಿ ಎಂಆರ್‌ಪಿಎಲ್‌ನ ಆಚೆ ಈಚೆ ಒಂದೊಂದು ಎಂಎಚ್-ಝಡ್19ಬಿ ಸೆನ್ಸರ್ ಮಾಡ್ಯೂಲ್ ಇಟ್ಟು, ಕಡಲ ಗಾಳಿ ಬೀಸುವ ಹೊತ್ತಲ್ಲಿ ಎರಡರ ವ್ಯತ್ಯಾಸದಿಂದ ಸಿಒಟು (ಇಂಗಾಲದ ಡೈಆಕ್ಸೈಡ್) ಎಷ್ಟು ಬರುತ್ತದೆಂದು ಅಂದಾಜು ಹಾಕುವುದು ನಮ್ಮ ಹುಚ್ಚು. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಡಬ್ಬಿ, ಎಸ್‌ಡಿ ಕಾರ್ಡು ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡಿ.

ತಲೆ ತಿಂದದ್ದು ಮಾಡ್ಯೂಲಿನ ಅತಿಬುದ್ಧಿವಂತಿಕೆ. 24 ಗಂಟೆಗೊಮ್ಮೆ ಅದು ಆ ದಿನದ ಅತಿ ಕಡಿಮೆ ಅಂಕಿಯನ್ನು 400 ಪಿಪಿಎಂ (ಹತ್ತು ಲಕ್ಷದಲ್ಲಿ 400 ಪಾಲು) ಎಂದು ತಾನೇ ತೀರ್ಮಾನಿಸಿಬಿಡುತ್ತದೆ; ಇದಕ್ಕೆ ಆಟೋ ಕ್ಯಾಲಿಬ್ರೇಶನ್ ಎಂದು ಹೆಸರು. ರಾತ್ರಿ ಖಾಲಿಯಾಗುವ ಆಫೀಸು ಕೋಣೆಗೆ ಅದು ಸರಿ. ಬಯಲಿನ ಗಾಳಿಯೇ ಈಗ 420 ದಾಟಿದೆ. ಸಾಲದ್ದಕ್ಕೆ ಪೆರ್ಮುದೆ ಕಡೆಯ ಡಬ್ಬಿ ಇರುವುದು ಅಡಿಕೆ ತೋಟದ ಅಂಚಲ್ಲಿ. ರಾತ್ರಿ ಗಾಳಿ ನಿಂತಾಗ ಮರ, ಮಣ್ಣು ಬಿಟ್ಟ ಉಸಿರೆಲ್ಲ ನೆಲದ ಹತ್ತಿರವೇ ಕಟ್ಟಿಕೊಂಡು, ಬೆಳಗಿನ ಜಾವ ಗ್ರಾಫು ಗುಡ್ಡ ಹತ್ತಿರುತ್ತದೆ. ಸುರತ್ಕಲ್ ಕಡೆಯದಕ್ಕೆ ಹೆದ್ದಾರಿ 66ರ ಲಾರಿ ಹೊಗೆ. ಎರಡೂ ತಮ್ಮ ತಮ್ಮ ತಳವನ್ನೇ 400 ಎಂದು ಸಾಧಿಸಿದರೆ ಕಳೆದು ಸಿಗುವ ಅಂಕಿಗೆ ಏನರ್ಥ ಮಾರಾಯ್ರೆ?

“ಆಟೋ ಕ್ಯಾಲಿಬ್ರೇಶನ್ ಆಫ್ ಮಾಡಿಯೇ ಕಳಿಸಿದ್ದೇವೆ ಸರ್” ಎಂದಿದ್ದ ಮಾರಿದವ. ಎರಡರಲ್ಲೂ ಆನ್ ಇತ್ತು. ಒಂದರ ಪಿನ್ನಿನ ಬೆಸುಗೆಯೂ ಅಲ್ಲಾಡುತ್ತಿತ್ತು. ಫೋಟೊ ಕಳಿಸಿದ್ದಕ್ಕೆ ಕೈಮುಗಿಯುವ ಇಮೋಜಿ ಬಂತು. ಸೀರಿಯಲ್ ತಂತಿಯ ಮೂಲಕ 79ರ ಕಮಾಂಡ್ ಕೊಟ್ಟು ಆಟೋ ಕ್ಯಾಲಿಬ್ರೇಶನ್ ನಾನೇ ಆಫ್ ಮಾಡಿದೆ. ನಮ್ಮೂರಿನ ಕರೆಂಟನ್ನು ನಂಬಿ ಕೂರುವ ಹಾಗಿಲ್ಲವಲ್ಲ, ಬೂಟ್ ಆದಾಗಲೆಲ್ಲ ಅದೇ ಕಮಾಂಡ್ ಮತ್ತೆ ಹೋಗುವಂತೆ ಬರೆದೆ. ಎರಡನ್ನೂ ಒಂದೇ ತಾರಸಿಯಲ್ಲಿ ಪಕ್ಕಪಕ್ಕ ಓಡಿಸಿ, ಅಂತರ ಎಷ್ಟೆಂದು ಗುರುತು ಹಾಕಿಕೊಂಡ ಮೇಲೆ ಗೆರೆಗಳು ಜೋಡೆತ್ತಿನ ಹಾಗೆ ನಡೆದವು.

ಆಮೇಲೆ ಸಿಕ್ಕಿದ್ದು? ಮಧ್ಯಾಹ್ನ 12ರಿಂದ 4ರವರೆಗೆ, ಗದ್ದಲದಲ್ಲಿ ಮುಳುಗಿದ ನಾಲ್ಕೈದು ಪಿಪಿಎಂ ವ್ಯತ್ಯಾಸ. ಲೆಕ್ಕ ಹಾಕಿದರೆ ಅದು ನ್ಯಾಯವೇ. ಉದಾಹರಣೆಗೆ ವರ್ಷಕ್ಕೆ 10 ಲಕ್ಷ ಟನ್ ಸಿಒಟು ಎಂದು ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 32 ಕಿಲೋ. ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ ಅದು 1 ಕಿ.ಮೀ. ಅಗಲ, ಅರ್ಧ ಕಿ.ಮೀ. ಎತ್ತರಕ್ಕೆ ಹರಡಿದರೆ ಏರುವುದು 9 ಪಿಪಿಎಂ. ನಮ್ಮ ಮಾಡ್ಯೂಲಿನ ಗ್ಯಾರಂಟಿಯೇ ±50! ಹಗಲೆಲ್ಲ ಚಿಮಣಿಯ ಬಿಸಿ ಹೊಗೆ ನಮ್ಮ ಡಬ್ಬಿಯ ತಲೆಯ ಮೇಲಿಂದಲೇ ಹಾದುಹೋಗಿದ್ದರೂ ಆಶ್ಚರ್ಯವಿಲ್ಲ.

ಹಾಗಾಗಿ ಇನ್ನು ಸುಟ್ಟ ಇಂಧನದಿಂದ ಸಿಒಟು ಅಂದಾಜಿಸುವ ಲೆಕ್ಕವೇ ಗತಿ. ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) ಪಟ್ಟಿಯಲ್ಲಿ ರಿಫೈನರಿ ಗ್ಯಾಸಿಗೆ ಒಂದು ಟೆರಾಜೂಲ್ ಶಾಖಕ್ಕೆ 57.6 ಟನ್ ಸಿಒಟು, ಪೆಟ್‌ಕೋಕ್‌ಗೆ (ಕಚ್ಚಾತೈಲದಿಂದ ಉಳಿಯುವ ಕಲ್ಲಿದ್ದಲಿನಂಥ ಗಟ್ಟಿ) 97.5. ಇಲ್ಲೂ ಒಂದು ಕಳ್ಳನಿದ್ದಾನೆ: ಭಾರದ ಎಣ್ಣೆಯನ್ನು ಒಡೆಯುವ ಎಫ್‌ಸಿಸಿ ಘಟಕದಲ್ಲಿ ಕ್ಯಾಟಲಿಸ್ಟ್ (ವೇಗವರ್ಧಕ) ಮೇಲೆ ಕೂರುವ ಕೋಕ್, ಅಂದರೆ ಇಂಗಾಲದ ಮಸಿ. ಅದನ್ನು ಯಾರೂ ಕೊಳ್ಳುವುದಿಲ್ಲ, ತೂಗುವುದಿಲ್ಲ, ಅಲ್ಲೇ ಸುಡುತ್ತಾರೆ. ಎಷ್ಟು ಸುಟ್ಟಿತೆಂದು ಹೊರಬರುವ ಹೊಗೆಯ ಗಾಳಿಯಿಂದಲೇ ಅಂದಾಜಿಸಬೇಕು. ಒಂದು ಟನ್ ಕಾರ್ಬನ್‌ಗೆ 3.67 ಟನ್ ಸಿಒಟು.

ಅಂದಹಾಗೆ, ಮುಂದಿನ ಆಟ ಸೆಂಟಿನೆಲ್-5ಪಿ ಉಪಗ್ರಹದ್ದು. ಅದು ಸಿಒಟು ಅಳೆಯುವುದಿಲ್ಲ, ಆದರೆ ಅದೇ ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ತೋರಿಸುತ್ತದೆ. ಹೊಗೆ ಯಾವ ಕಡೆ ವಾಲುತ್ತದೆಂದಾದರೂ ಗೊತ್ತಾದೀತು. ಒಂದು ಪಿಕ್ಸೆಲ್ಲೇ 5.5×3.5 ಕಿ.ಮೀ., ಅಂದರೆ ಬಂದರು, ರಿಫೈನರಿ ಎಲ್ಲ ಎರಡು ಮೂರು ಚೌಕದೊಳಗೆ. ಪೈಥಾನ್ ಬರೆಯಲು ಶುರು ಮಾಡಿದ್ದೇನೆ. ಯಾರ ಹತ್ತಿರವಾದರೂ ಎಸ್‌ಸಿಡಿ30 (ಇನ್ನೊಂದು ಸಿಒಟು ಸೆನ್ಸರ್) ಸುಮ್ಮನೆ ಬಿದ್ದಿದ್ದರೆ ಹೇಳಿ, ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಿಕೊಳ್ಳುತ್ತೇನೆ.