ಕೌನ್ಸೆಲರ್ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತಾ?

ಸ್ಕಾಟ್ಲೆಂಡ್‌ನ ಗ್ಲಾಸ್ಗೋಗೆ ಪ್ರತಿ ಸೆಪ್ಟೆಂಬರ್‌ನಲ್ಲೂ ಕೊಡಗಿನಿಂದ ಒಬ್ಬಿಬ್ಬರಾದರೂ ಮಾಸ್ಟರ್ಸ್ ಓದೋಕೆ ಬರುತ್ತಾರೆ. ಯಾರದೋ ಅಣ್ಣನ ಮಗ, ಯಾರದೋ ಸ್ನೇಹಿತೆಯ ತಂಗಿ ಅಂತ ನನ್ನ ನಂಬರ್ ಅವರ ಕೈ ಸೇರಿರುತ್ತದೆ. ಅಕ್ಕಿ ಎಲ್ಲಿ ಸಿಗುತ್ತೆ, ಪಾರ್ಟ್ ಟೈಮ್ ಕೆಲಸ ಹೇಗೆ ಹುಡುಕೋದು ಅಂತ ದಿನಕ್ಕೆ ಹತ್ತು ಮೆಸೇಜು. ನವೆಂಬರ್ ಹೊತ್ತಿಗೆ ಕೆಲವರ ಮೆಸೇಜು ನಿಂತೇ ಹೋಗುತ್ತದೆ. ಓದಿನಲ್ಲಿ ಬಿಜಿ ಇರಬೇಕು ಅಂದುಕೊಳ್ಳುತ್ತೇವೆ. ಎಲ್ಲರೂ ಬಿಜಿ ಇರುವುದಿಲ್ಲ.

ಅಂಥ ಒಬ್ಬ ಹುಡುಗನ ರೂಮಿಗೆ ಹೋದ ಚಳಿಗಾಲದಲ್ಲಿ ಹೋಗಿದ್ದೆ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ.) ಮಧ್ಯಾಹ್ನ 2 ಗಂಟೆ, ಕರ್ಟನ್ ಮುಚ್ಚಿತ್ತು. ಮೇಜಿನ ಮೇಲೆ ಅಮ್ಮ ಕಳಿಸಿದ ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕೊಡಗಿನ ಹುಳಿ) ಬಾಟಲಿ. ಪ್ಲಾಸ್ಟಿಕ್ ಕವರ್ ಮೇಲೆ ಕವರ್, ಅದರ ಮೇಲೆ ಪೇಪರ್, ಸುತ್ತಲೂ ಟೇಪ್, ಬಂದಾಗಿನಿಂದ ಬಿಚ್ಚೇ ಇಲ್ಲ. ಪಕ್ಕದಲ್ಲಿ ನೂಡಲ್ಸ್ ಕಪ್‌ಗಳು. ಅಷ್ಟರಲ್ಲಿ ಮನೆಯಿಂದ ಫೋನ್ ಬಂತು. ಎದ್ದು ಕೂತು, ಗಂಟಲು ಸರಿಮಾಡಿಕೊಂಡು, "ಹ್ಞೂಂ ಅಮ್ಮ, ಊಟ ಆಯ್ತು, ಲೈಬ್ರರಿಯಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಅಂದ. ಧ್ವನಿ ಎಷ್ಟು ಗಟ್ಟಿಯಾಗಿತ್ತು ಅಂದರೆ, ಎದುರಿಗೆ ಕೂತಿಲ್ಲದಿದ್ದರೆ ನಾನೂ ನಂಬುತ್ತಿದ್ದೆ.

ಯೂನಿವರ್ಸಿಟಿಯ ಕೌನ್ಸೆಲರ್ ಹತ್ತಿರ ಹೋಗೋಣ ಅಂದಾಗ ಅವನು ಕೇಳಿದ್ದು ಒಂದೇ. ಊರಿಗೆ ಗೊತ್ತಾಗುತ್ತಾ?

ಬೇರೆ ಊರಿನವರಿಗೆ ಇದು ತಮಾಷೆ ಅನಿಸಬಹುದು. ನಮಗೆ ಅನಿಸಲ್ಲ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಗೆ 5.5 ಲಕ್ಷ ಜನ, ಅದರಲ್ಲಿ ಅರ್ಧ ಜನ ಹೇಗೋ ನಂಟರು! ಮಡಿಕೇರಿಯಲ್ಲಿ ಮನೋವೈದ್ಯರ ಬಾಗಿಲಲ್ಲಿ ಬೆಳಿಗ್ಗೆ ಕೂತರೆ ಸಂಜೆಯೊಳಗೆ ನಾಪೋಕ್ಲಿನ ಚಿಕ್ಕಪ್ಪನಿಗೆ ಸುದ್ದಿ ಹೋಗಿರುತ್ತದೆ, ಮುಂದಿನ ವಾರದ ಮದುವೆಮನೆಯಲ್ಲಿ ಯಾರೋ "ಹುಡುಗನಿಗೆ ಏನೋ ಆಗಿದೆಯಂತೆ" ಅಂದಿರುತ್ತಾರೆ. ಆ ಹೆದರಿಕೆ ವಿಮಾನ ಹತ್ತಿ ನಮ್ಮ ಜೊತೆಗೇ ಬರುತ್ತೆ.

ಉತ್ತರ ಹೇಳಿಬಿಡುತ್ತೇನೆ. ಗೊತ್ತಾಗಲ್ಲ. ಇಲ್ಲಿ 18 ದಾಟಿದವರು ದೊಡ್ಡವರು. ಅವರ ಒಪ್ಪಿಗೆ ಇಲ್ಲದೆ ಯೂನಿವರ್ಸಿಟಿ ಅಪ್ಪ ಅಮ್ಮನಿಗೆ ಮಾರ್ಕ್ಸ್ ಕೂಡ ಹೇಳುವುದಿಲ್ಲ, ಇನ್ನು ಕೌನ್ಸೆಲಿಂಗ್ ಎಲ್ಲಿಯ ಮಾತು. ಜೀವಕ್ಕೆ ಅಪಾಯ ಇದೆ ಅನಿಸಿದಂಥ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬಹುದು. ಡಿಗ್ರಿ ಸರ್ಟಿಫಿಕೇಟ್ ಮೇಲೆ ಇದೆಲ್ಲ ಬರಲ್ಲ. ವೀಸಾ ಹೋಗುತ್ತೆ ಅನ್ನುವುದೂ ಸುಳ್ಳು. ನಿಜ ಹೇಳಬೇಕೆಂದರೆ ಅಪಾಯ ಇರೋದು ಇನ್ನೊಂದು ಕಡೆ. ವಿದ್ಯಾರ್ಥಿ ವೀಸಾದವರು ಕ್ಲಾಸಿಗೆ ಬರುತ್ತಿದ್ದಾರಾ ಅಂತ ಯೂನಿವರ್ಸಿಟಿ ನೋಡುತ್ತಿರಲೇಬೇಕು, ಹೇಳದೆ ಕೇಳದೆ ನಾಪತ್ತೆಯಾದರೆ ಸರ್ಕಾರಕ್ಕೆ ತಿಳಿಸಬೇಕು. ಹುಷಾರಿಲ್ಲ ಅಂತ ಮೊದಲೇ ಹೇಳಿದವರಿಗೆ ಅಸೈನ್‌ಮೆಂಟ್ ಮುಂದೂಡಲು ಅರ್ಜಿ ಹಾಕುವ ದಾರಿ ಇದೆ. ರೂಮಲ್ಲಿ ಸುಮ್ನೆ ಮಲಗಿದವರಿಗೆ ಇಲ್ಲ.

"ನಮ್ಮ ಮಳೆ ನೋಡಿದವನಿಗೆ ಸ್ಕಾಟ್ಲೆಂಡ್ ಮಳೆ ಏನು ಮಹಾ?" ಅಂತ ಊರಲ್ಲಿ ಕೇಳುತ್ತಾರೆ. ಮಳೆ ಏನೂ ಅಲ್ಲ, ಒಪ್ಪಿದೆ. ಕತ್ತಲೆ ಬೇರೆ ವಿಷಯ. ಡಿಸೆಂಬರ್‌ನಲ್ಲಿ ಬೆಳಿಗ್ಗೆ 8.30 ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, 4 ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ನಮ್ಮಲ್ಲಿ ಜುಲೈನಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಕರೆಂಟಿಲ್ಲ, ಆದರೂ ಒಲೆ ಸುತ್ತ ನಾಲ್ಕು ಜನ ಇರುತ್ತಾರೆ, ಜಗಳಕ್ಕಾದರೂ. ಇಲ್ಲಿ ಸಂಜೆ 6ಕ್ಕೆ ಕ್ಲಾಸು ಮುಗಿಸಿ ಮಾತಾಡೋಣ ಅಂದರೆ ಅಲ್ಲಿ ರಾತ್ರಿ 11.30, ಕಾಫಿ ಕೊಯ್ಲಿನಲ್ಲಿ ಸುಸ್ತಾಗಿ ಎಲ್ಲರೂ ಮಲಗಿರುತ್ತಾರೆ.

ಅದರ ಮೇಲೆ ತೋಟ ಅಡವಿಟ್ಟು ತಂದ ಸಾಲ. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಮಾಸ್ಟರ್ಸ್ ಒಂದೇ ವರ್ಷ ಆಗಿರೋದರಿಂದ ಬ್ಯಾಗ್ ಬಿಚ್ಚುವ ಮೊದಲೇ ಕೆಲಸಕ್ಕೆ ಅರ್ಜಿ ಹಾಕಲು ಶುರು. ಇಷ್ಟು ಖರ್ಚು ಮಾಡಿ ಕಳಿಸಿದವರಿಗೆ "ಆಗ್ತಿಲ್ಲ" ಅಂತ ಹೇಳೋದು ಹೇಗೆ, ಹೇಳಿ?

ಸಹಾಯಕ್ಕೆ ದುಡ್ಡು ಆಗಲೇ ಕಟ್ಟಿಯಾಗಿದೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ತೆತ್ತಿರುತ್ತಾರಲ್ಲ, ಅದಕ್ಕೇ ಸರ್ಕಾರಿ ವೈದ್ಯರು ಸಿಗೋದು. ಸ್ಕಾಟ್ಲೆಂಡ್‌ನಲ್ಲಿ ಚೀಟಿ ಬರೆದ ಮಾತ್ರೆಗೂ ದುಡ್ಡಿಲ್ಲ. ಬಂದ ಮೊದಲ ವಾರವೇ ಹತ್ತಿರದ ಜಿಪಿ (ಯಾವ ಕಾಯಿಲೆಗೂ ಮೊದಲು ನೋಡುವ ಡಾಕ್ಟರು) ಹತ್ತಿರ ಹೆಸರು ನೋಂದಾಯಿಸಿ. ಯೂನಿವರ್ಸಿಟಿ ಕೌನ್ಸೆಲಿಂಗ್ ಉಚಿತ, ಆದರೆ ಕಾಯಿಸುತ್ತಾರೆ. ನಮ್ಮ ಹುಡುಗನಿಗೆ ಕಾದು ಕಾದು ಸಾಕಾಗಿತ್ತು, ಅದರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ರಾತ್ರಿ ತಡೆಯಲಾಗದಿದ್ದರೆ ಸಮಾರಿಟನ್ಸ್ ಸಂಸ್ಥೆಯ 116 123ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಎತ್ತುತ್ತಾರೆ, ಕಾಸು ಬೀಳಲ್ಲ.

ಊರಿನಲ್ಲೂ ಈಗ ಬಾಗಿಲಲ್ಲಿ ಕೂರಬೇಕಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ, ಕನ್ನಡದಲ್ಲೇ ಮಾತಾಡಬಹುದು. ಗೋಣಿಕೊಪ್ಪ, ಪೊನ್ನಂಪೇಟೆ ಹಾಸ್ಟೆಲ್ಲುಗಳಲ್ಲಿ ಇರುವ ಮಕ್ಕಳಿಗೂ ಇದು ಬೇಕು. ದೂರದಲ್ಲಿರುವ ಮಗನ ಚಿಂತೆಯಲ್ಲಿ ನಿದ್ದೆಗೆಟ್ಟ ಅಮ್ಮನೂ ಫೋನ್ ಮಾಡಬಹುದು.

ಅಪ್ಪ ಅಮ್ಮಂದಿರು ವಾರಕ್ಕೊಂದು ಸಲ ಊಟ, ಮಾರ್ಕ್ಸು ಬಿಟ್ಟು ಬೇರೆ ಏನಾದರೂ ಕೇಳಿ. ನಿನ್ನೆ ಯಾರ ಜೊತೆ ಮಾತಾಡಿದೆ, ಹೊರಗೆ ಎಲ್ಲಿಗೆ ಹೋಗಿದ್ದೆ ಅಂತ. ಉತ್ತರ ಬರಲು ತಡವಾದರೆ ಗೊತ್ತಾಗುತ್ತೆ. ಇನ್ನೊಂದು, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಸೇರುವಾಗ ಕೇಳುತ್ತಾರೆ. ಆ ಹೆಸರು ಅಪ್ಪನದೇ ಆಗಬೇಕಾಗಿಲ್ಲ. ನಮ್ಮ ಹುಡುಗ ಆಮೇಲೆ ಅಪ್ಪನ ಹೆಸರು ತೆಗೆಸಿ ಮೈಸೂರಿನಲ್ಲಿರುವ ಅತ್ತಿಗೆಯ ಹೆಸರು ಬರೆಸಿದ. ಅಪ್ಪನಿಗೆ ಬೇಜಾರಾಯಿತಂತೆ. ಅತ್ತಿಗೆಗೆ ಮಾತ್ರ ಅವನು ಈಗ ತಾನಾಗೇ ಫೋನ್ ಮಾಡುತ್ತಾನೆ.